ಹಳೇ ಲೆಕ್ಕ, ಹೊಸ ಆವೃತ್ತಿ: ಅಪ್‌ಗ್ರೇಡ್ ಬಟನ್ ಒತ್ತೋ ಮುಂಚೆ

2024ರ ದಸರಾ ರಜೆಯಲ್ಲಿ ನಾವು ನಾಲ್ಕು ಜನ ನಮ್ಮ ಕ್ಲಾಸ್‌ಮೇಟ್ ಒಬ್ಬನ ಮನೆಗೆ ಹೋಗಿದ್ವಿ. ತೀರ್ಥಹಳ್ಳಿಯಿಂದ ಸ್ವಲ್ಪ ಒಳಗಿರೋ ಹಳ್ಳಿ, ಮನೆ ಹಿಂದೆ ಒಂದೂವರೆ ಎಕರೆ ಅಡಿಕೆ ತೋಟ. ಅವನ ಅಪ್ಪ ನಿವೃತ್ತ ಹೈಸ್ಕೂಲ್ ಮೇಷ್ಟ್ರು. 2009ರ ಏಪ್ರಿಲ್‌ನಿಂದ ಮನೆ ಮತ್ತು ತೋಟದ ಲೆಕ್ಕವನ್ನೆಲ್ಲ ಕಂಪ್ಯೂಟರಿನಲ್ಲೇ ಬರೆದಿದ್ದಾರೆ. ಸಾಫ್ಟ್‌ವೇರ್ ಗ್ನುಕ್ಯಾಶ್, ಆವೃತ್ತಿ 2.2.9. ಯಾವುದೋ ಟ್ರೈನಿಂಗ್‌ನಲ್ಲಿ ಸಿಕ್ಕ ಸಿಡಿಯಿಂದ ಹಾಕಿಕೊಂಡದ್ದು, ಆಮೇಲೆ ಅಪ್‌ಡೇಟ್ ಅಂತ ಮಾಡಿದ್ದೇ ಇಲ್ಲ.

ಆ ಕಂಪ್ಯೂಟರ್ ಈಗ ಆನ್ ಆಗೋಕೆ ಹತ್ತು ನಿಮಿಷ ತಗೊಳ್ಳುತ್ತೆ. ಹಾರ್ಡ್ ಡಿಸ್ಕ್ ಕಟಕಟ ಅನ್ನುತ್ತೆ. ಅದಕ್ಕೇ 2023ರ ಆಗಸ್ಟ್ ಆದಮೇಲೆ ಮೇಷ್ಟ್ರು ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆಯೋಕೆ ಶುರು ಮಾಡಿದ್ದರು. "ನೀವು ಇಂಜಿನಿಯರಿಂಗ್ ಮಕ್ಕಳು ಅಲ್ವ, ಇದನ್ನ ಹೊಸ ಲ್ಯಾಪ್‌ಟಾಪಿಗೆ ಹಾಕಿ ಕೊಡಿ" ಅಂದರು. ನಾವು "ಅರ್ಧ ಗಂಟೆ ಕೆಲಸ ಅಂಕಲ್" ಅಂದ್ವಿ.

ಅರ್ಧ ಗಂಟೆಯಲ್ಲಿ ಮುಗಿಸಿದ್ವಿ ಕೂಡ. ಫೈಲನ್ನು ಪೆನ್‌ಡ್ರೈವ್‌ನಲ್ಲಿ ತಂದು, ಲ್ಯಾಪ್‌ಟಾಪಿನಲ್ಲಿ ಗ್ನುಕ್ಯಾಶ್ 5 ಹಾಕಿ, ಫೈಲ್ ತೆರೆದು, ಬಂದ ಕಿಟಕಿಗೆ ಓಕೆ ಒತ್ತಿ, ಸೇವ್ ಮಾಡಿ ಮೇಷ್ಟ್ರ ಮುಂದೆ ಇಟ್ವಿ. ಅವರು ಕನ್ನಡಕ ಹಾಕಿಕೊಂಡು ಎರಡು ನಿಮಿಷ ನೋಡಿದರು. "ಬ್ಯಾಂಕಿನಲ್ಲಿ 61,450 ಇರಬೇಕಿತ್ತು. ಇದು 33,450 ತೋರಿಸ್ತಾ ಇದೆ. ಇದು ನನ್ನ ಲೆಕ್ಕ ಅಲ್ಲ ಮಾರಾಯ್ರೇ" ಅಂದರು.

ನಮ್ಮ ಕೈಕಾಲು ತಣ್ಣಗಾಯಿತು. ಯಾಕಂದ್ರೆ ಆ ಫೈಲಿನಲ್ಲಿದ್ದದ್ದು ಬರೀ ಹಾಲು ತರಕಾರಿ ಲೆಕ್ಕವಲ್ಲ. ಮೇಷ್ಟ್ರು ಮತ್ತು ಅವರ ತಮ್ಮ ಸೇರಿ ತೋಟಕ್ಕೆ ಖರ್ಚು ಮಾಡಿದ್ದು, ತಮ್ಮ ಕೈಸಾಲ ತಗೊಂಡಿದ್ದು, ಕೊಯ್ಲು ಆದಾಗ ಮಂಡಿ ದುಡ್ಡಿನಲ್ಲಿ ತೀರಿಸಿದ್ದು, ಎಲ್ಲ ಒಂದೊಂದು ಸಾಲಾಗಿ ಅಲ್ಲಿದೆ. ಅಣ್ಣ ತಮ್ಮ ಇಬ್ಬರೂ ಒಪ್ಪಿಕೊಂಡಿರೋ ದಾಖಲೆ ಅಂತ ಇರೋದು ಅದೊಂದೇ. ಅದರ ಮೇಲೆ ಒಮ್ಮೆ ಸಂಶಯ ಬಂದರೆ ಮನೆಯೊಳಗೆ ಮಾತು ಕೆಡುತ್ತೆ.

ಈ ಪಾಠ ಹುಟ್ಟಿದ್ದು ಅಲ್ಲಿಂದ. ನಿಮ್ಮ ಮನೆಯಲ್ಲೂ ಇಂಥ ಒಂದು ಹಳೇ ಲೆಕ್ಕ ಇರಬಹುದು. ನಾವು ಎಡವಿದ ಜಾಗದಲ್ಲಿ ನೀವು ಎಡವಬಾರದು ಅಂತ ಎಲ್ಲವನ್ನೂ ಕ್ರಮವಾಗಿ ಬರೀತಿದ್ದೇವೆ.

ಆಗಿದ್ದೇನು?

ಮೇಷ್ಟ್ರು ಪ್ರತಿ ತಿಂಗಳು 5ನೇ ತಾರೀಖು ಬ್ಯಾಂಕ್ ಉಳಿತಾಯ ಖಾತೆಯಿಂದ ಆರ್‌ಡಿಗೆ 2,000 ರೂಪಾಯಿ ಹೋಗುವಂತೆ ಗ್ನುಕ್ಯಾಶ್‌ನಲ್ಲಿ ಒಂದು ನಿಗದಿತ ನಮೂದು ಮಾಡಿಟ್ಟಿದ್ದರು. ಇಂಗ್ಲಿಷಿನಲ್ಲಿ ಇದಕ್ಕೆ ಷೆಡ್ಯೂಲ್ಡ್ ಟ್ರಾನ್ಸಾಕ್ಷನ್ ಅಂತಾರೆ. ನಿಜವಾದ ಆರ್‌ಡಿ 2023ರ ಆಗಸ್ಟಿನಲ್ಲೇ ಮುಗಿದಿತ್ತು. ಆದರೆ ಸಾಫ್ಟ್‌ವೇರಿಗೆ ಅದು ಗೊತ್ತಿಲ್ಲ, ಕೊನೆಯ ದಿನಾಂಕ ಕೊಟ್ಟಿರಲಿಲ್ಲ.

ಗ್ನುಕ್ಯಾಶ್ ಫೈಲ್ ತೆರೆದಾಗ, ಕಳೆದ ಸಲ ತೆರೆದಾಗಿನಿಂದ ಇವತ್ತಿನವರೆಗೆ ಬಾಕಿ ಉಳಿದ ನಿಗದಿತ ನಮೂದುಗಳನ್ನೆಲ್ಲ ಪಟ್ಟಿ ಮಾಡಿ ಒಂದು ಕಿಟಕಿ ತೋರಿಸುತ್ತೆ. ಅದರ ಹೆಸರು ಸಿನ್ಸ್ ಲಾಸ್ಟ್ ರನ್. ನಾವು ಓದದೇ ಓಕೆ ಒತ್ತಿದ ಕಿಟಕಿ ಅದೇ. ಸೆಪ್ಟೆಂಬರ್ 2023ರಿಂದ ಅಕ್ಟೋಬರ್ 2024ರವರೆಗೆ 14 ತಿಂಗಳು, ತಲಾ 2,000. ಒಟ್ಟು 28,000 ರೂಪಾಯಿ ಬ್ಯಾಂಕ್ ಖಾತೆಯಿಂದ ಎದ್ದು ಆರ್‌ಡಿ ಖಾತೆಗೆ ಹೋಗಿ ಕೂತಿತ್ತು.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ನಾವು ಸೇವ್ ಮಾಡೋ ಮುಂಚೆ ತಾಳೆಪಟ್ಟಿ ನೋಡಿದ್ವಿ. ಎಲ್ಲ ಸರಿಯಾಗಿ ತಾಳೆ ಆಗ್ತಿತ್ತು. ಒಟ್ಟು ಆಸ್ತಿಯೂ ಮೇಷ್ಟ್ರು ಹೇಳಿದಷ್ಟೇ ಇತ್ತು. ಅದಕ್ಕೇ ಧೈರ್ಯವಾಗಿ ತೋರಿಸಿದ್ದು.

ದ್ವಿ ನಮೂದು ಪದ್ಧತಿಯಲ್ಲಿ ಒಂದು ಖಾತೆಗೆ ಬಂದದ್ದು ಇನ್ನೊಂದು ಖಾತೆಯಿಂದ ಹೋಗಿರಲೇಬೇಕು. ಎಲ್ಲ ಕೂಡಿದರೆ ಸೊನ್ನೆ. ಒಂದು ವಹಿವಾಟಿನ ಒಂದು ಕಾಲು ಮಾತ್ರ ಕಳೆದುಹೋದರೆ ತಾಳೆಪಟ್ಟಿ ಹಿಡಿದುಕೊಡುತ್ತೆ. ಆದರೆ ಇಡೀ ವಹಿವಾಟೇ ಕಳೆದುಹೋದರೆ? ಎರಡು ಕಡೆಯೂ ಒಟ್ಟಿಗೇ ಹೋಗುತ್ತೆ, ತಾಳೆ ಹಾಗೇ ಇರುತ್ತೆ. ಇಲ್ಲದ ವಹಿವಾಟು ಸೇರಿಕೊಂಡರೂ ಅಷ್ಟೇ. ಅಂದರೆ ತಾಳೆ ಆಗೋದು ಬೇಕು, ಆದರೆ ಅದಷ್ಟೇ ಸಾಲದು. ಗಣಿತದ ಮೇಷ್ಟ್ರು ಹೇಳ್ತಿದ್ದರಲ್ಲ, ಅವಶ್ಯಕ ಆದರೆ ಪರ್ಯಾಪ್ತವಲ್ಲ ಅಂತ, ಅದೇ ಇದು.

ಹಾಗಾದರೆ ಏನು ಬೇಕು? ಹಳೇ ಸಾಫ್ಟ್‌ವೇರ್ ಕೊಡ್ತಿದ್ದ ಉತ್ತರ ಮೊದಲೇ ಬರೆದಿಟ್ಟುಕೊಂಡಿರಬೇಕು. ಹೊಸದು ಅದೇ ಪ್ರಶ್ನೆಗೆ ಅದೇ ಉತ್ತರ ಕೊಡುತ್ತಾ ಅಂತ ನೋಡಬೇಕು. ಹೊಸ ಆವೃತ್ತಿ ಇನ್‌ಸ್ಟಾಲ್ ಆಯಿತು, ಫೈಲ್ ತೆರೆಯಿತು ಅಂದ ಮಾತ್ರಕ್ಕೆ ಅಪ್‌ಗ್ರೇಡ್ ಮುಗಿದ ಹಾಗಲ್ಲ. ಎರಡರ ಉತ್ತರ ಒಂದೇ ಅಂತ ಸಾಬೀತಾದಾಗ ಮುಗಿಯಿತು.

ನಮ್ಮ ಪುಣ್ಯಕ್ಕೆ ನಾವು ಕೆಡಿಸಿದ್ದು ಕಾಪಿಯನ್ನು. ಅಸಲಿ ಫೈಲ್ ಹಳೇ ಕಂಪ್ಯೂಟರಿನಲ್ಲಿ ಹಾಗೇ ಇತ್ತು. ಇದರಲ್ಲಿ ನಮ್ಮ ಜಾಣತನ ಏನೂ ಇಲ್ಲ, ಪೆನ್‌ಡ್ರೈವ್ ಬಳಸಿದ್ದರಿಂದ ಹಾಗಾಯಿತು ಅಷ್ಟೇ. ಮರುದಿನ ಬೆಳಿಗ್ಗೆ ಮೊದಲಿನಿಂದ ಶುರು ಮಾಡಿದ್ವಿ.

ಫೈಲಿನ ಹೊಟ್ಟೆಯಲ್ಲಿ ಏನಿದೆ

ಮೊದಲು ಫೈಲ್ ಪರಿಚಯ ಮಾಡಿಕೊಳ್ಳೋಣ. ಗ್ನುಕ್ಯಾಶ್ ಸಾಮಾನ್ಯವಾಗಿ ಲೆಕ್ಕವನ್ನು ಎಕ್ಸ್‌ಎಂಎಲ್ ರೂಪದಲ್ಲಿ ಬರೆದು, ಜಿಜಿಪ್‌ನಿಂದ ಕುಗ್ಗಿಸಿ ಇಡುತ್ತೆ. ಕಾಪಿ ಒಂದನ್ನು 7-ಜಿಪ್‌ನಲ್ಲಿ ಬಿಡಿಸಿದರೆ ಯಾವುದೇ ಟೆಕ್ಸ್ಟ್ ಎಡಿಟರಿನಲ್ಲಿ ಓದಬಹುದು. ಮೊದಲ ಕೆಲವು ಸಾಲುಗಳಲ್ಲೇ ಕೌಂಟ್-ಡೇಟಾ ಅನ್ನೋ ಟ್ಯಾಗ್‌ಗಳಿವೆ: ಎಷ್ಟು ಖಾತೆ, ಎಷ್ಟು ವಹಿವಾಟು, ಎಷ್ಟು ನಿಗದಿತ ನಮೂದು ಅಂತ ಎಣಿಕೆ ಬರೆದಿರುತ್ತೆ. ಮೇಷ್ಟ್ರ ಫೈಲಿನಲ್ಲಿ 87 ಖಾತೆ, 6,412 ವಹಿವಾಟು. ನಾವು ಕೆಡಿಸಿದ ಫೈಲ್ ಬಿಡಿಸಿ ನೋಡಿದ್ವಿ: 6,426. ಹದಿನಾಲ್ಕು ಹೆಚ್ಚು! ಈ ಒಂದು ಸಂಖ್ಯೆ ನೋಡಿದ್ದರೆ ಮೇಷ್ಟ್ರ ಮುಂದೆ ಮುಖಭಂಗ ತಪ್ಪುತ್ತಿತ್ತು.

ಇನ್ನೊಂದು ಚೆಂದದ ವಿಷಯ: ಮೊತ್ತಗಳು ದಶಮಾಂಶವಾಗಿ ಇರೋದಿಲ್ಲ, ಭಿನ್ನರಾಶಿಯಾಗಿ ಇರುತ್ತವೆ. 125.50 ರೂಪಾಯಿ ಅಂದರೆ ಫೈಲಿನಲ್ಲಿ 12550/100. ಸಿ ಪ್ರೋಗ್ರಾಮಿಂಗ್ ಲ್ಯಾಬಿನಲ್ಲಿ ಫ್ಲೋಟ್ ಕೂಡಿಸಿ 0.1 + 0.2 ಸರಿಯಾಗಿ 0.3 ಬರಲಿಲ್ಲ ಅಂತ ಬೈಸಿಕೊಂಡವರಿಗೆ ಇದು ಯಾಕೆ ಅಂತ ತಿಳಿಯುತ್ತೆ. ಹಾಗಾಗಿ ಎರಡು ಆವೃತ್ತಿಗಳ ನಡುವೆ ಒಂದು ಪೈಸೆ ವ್ಯತ್ಯಾಸ ಬಂದರೂ "ರೌಂಡಿಂಗ್ ಇರಬೇಕು ಬಿಡು" ಅಂತ ಬಿಡೋ ಹಾಗಿಲ್ಲ, ಕಾರಣ ಹುಡುಕಬೇಕು.

ಹೆಜ್ಜೆ 1: ಅಸಲಿಯನ್ನು ಮುಟ್ಟಬೇಡಿ

ಗ್ನುಕ್ಯಾಶ್ ಪೂರ್ತಿ ಮುಚ್ಚಿದ ಮೇಲೇ ಕಾಪಿ ಮಾಡಿ. ತೆರೆದಿರುವಾಗ ಫೋಲ್ಡರಿನಲ್ಲಿ ಎಲ್‌ಸಿಕೆ ಅಂತ ಕೊನೆಯಾಗೋ ಲಾಕ್ ಫೈಲ್ ಇರುತ್ತೆ. ಅದೂ ಕಾಪಿಯಾಗಿ ಹೋದರೆ ಹೊಸ ಮಶೀನಿನಲ್ಲಿ "ಬೇರೆ ಯಾರೋ ಬಳಸುತ್ತಿದ್ದಾರೆ" ಅನ್ನೋ ತಕರಾರು ಬರುತ್ತೆ.

ಬರೀ ಒಂದು ಫೈಲ್ ಅಲ್ಲ, ಇಡೀ ಫೋಲ್ಡರ್ ತಗೊಳ್ಳಿ. ಒಂದೇ ಫೋಲ್ಡರಿನಲ್ಲಿ ತಾರೀಖು, ಗಂಟೆ ಇರೋ ಹೆಸರಿನ ಹತ್ತಾರು ಫೈಲ್ ಕಂಡರೆ ಗಾಬರಿ ಬೇಡ. ಪ್ರತಿ ಸಲ ಸೇವ್ ಮಾಡಿದಾಗ ಗ್ನುಕ್ಯಾಶ್ ಹಿಂದಿನ ಸ್ಥಿತಿಯ ಬ್ಯಾಕಪ್ ಇಡುತ್ತೆ. 2.2ರಂಥ ಹಳೇ ಆವೃತ್ತಿಗಳಲ್ಲಿ ಅದರ ಕೊನೆಗೆ ಡಾಟ್ ಎಕ್ಸ್‌ಎಸಿ ಅಂತ ಇರುತ್ತೆ. ಗ್ನುಕ್ಯಾಶ್ ಹುಟ್ಟಿದ್ದು ಎಕ್ಸ್-ಅಕೌಂಟೆಂಟ್ ಅನ್ನೋ ಪ್ರೋಗ್ರಾಮಿನಿಂದ, ಅದರ ಗುರುತು ಅದು.

ಆದರೆ ಈ ಬ್ಯಾಕಪ್‌ಗಳನ್ನು ನಂಬಿ ಕೂರಬೇಡಿ. ಸೆಟ್ಟಿಂಗ್ ಬದಲಿಸದಿದ್ದರೆ 30 ದಿನಕ್ಕಿಂತ ಹಳೆಯ ಬ್ಯಾಕಪ್ ಮತ್ತು ಲಾಗ್ ಫೈಲ್‌ಗಳನ್ನು ಗ್ನುಕ್ಯಾಶೇ ಅಳಿಸುತ್ತೆ. ನಿಮ್ಮ ಸ್ವಂತ ಬ್ಯಾಕಪ್ ಬೇರೆ ಫೋಲ್ಡರಿನಲ್ಲಿ, ಸಾಧ್ಯವಾದರೆ ಬೇರೆ ಡಿಸ್ಕಿನಲ್ಲಿ ಇರಲಿ.

ಸೆಟ್ಟಿಂಗ್‌ಗಳು, ಉಳಿಸಿಟ್ಟ ವರದಿಗಳು ಲೆಕ್ಕದ ಫೈಲಿನೊಳಗೆ ಇರೋದಿಲ್ಲ. 2.6ರವರೆಗೆ ಉಳಿಸಿಟ್ಟ ವರದಿಗಳು ಹೋಮ್ ಫೋಲ್ಡರಿನ ಡಾಟ್ ಗ್ನುಕ್ಯಾಶ್ ಅನ್ನೋ ಅಡಗಿದ ಫೋಲ್ಡರಿನಲ್ಲಿದ್ದವು. 3.0ರಿಂದ ಜಾಗ ಬದಲಾಯಿತು: ವಿಂಡೋಸ್‌ನಲ್ಲಿ ಆಪ್‌ಡೇಟಾ ಒಳಗೆ, ಲಿನಕ್ಸ್‌ನಲ್ಲಿ ಡಾಟ್ ಲೋಕಲ್ ಒಳಗಿನ ಷೇರ್ ಫೋಲ್ಡರಿಗೆ. ಹಳೇ ಫೋಲ್ಡರನ್ನೂ ಕಾಪಿಯಲ್ಲಿ ಸೇರಿಸಿಕೊಳ್ಳಿ.

ಕಾಪಿ ಸರಿಯಾಗಿದೆಯಾ ಅಂತ ಹ್ಯಾಶ್‌ನಿಂದ ನೋಡಿ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್, ಲಿನಕ್ಸ್‌ನಲ್ಲಿ ಎಸ್‌ಎಚ್‌ಎ256ಸಮ್. ಹಳೇ ಮಶೀನಿನಲ್ಲಿ ಅಂಥದ್ದು ಇಲ್ಲದಿದ್ದರೆ ಎರಡು ಸಲ ಬೇರೆ ಬೇರೆಯಾಗಿ ಕಾಪಿ ಮಾಡಿ, ಎರಡರ ಹ್ಯಾಶ್ ಹೊಸ ಮಶೀನಿನಲ್ಲಿ ಹೋಲಿಸಿ. ಕಟಕಟ ಅನ್ನೋ ಹಾರ್ಡ್ ಡಿಸ್ಕ್ ಮುಂದೆ ಕೂತಾಗ ಇದು ಅತಿ ಅನ್ನಿಸಲಿಲ್ಲ.

ಹೆಜ್ಜೆ 2: ಹಳೇದರ ಉತ್ತರ ಬರೆದಿಟ್ಟುಕೊಳ್ಳಿ

ಹಳೇ ಮಶೀನ್ ಇನ್ನೂ ಉಸಿರಾಡ್ತಾ ಇರುವಾಗಲೇ ಈ ಮೂರು ತಗೊಳ್ಳಿ.

ಒಂದು, ಎಣಿಕೆ. ಖಾತೆ ಎಷ್ಟು, ವಹಿವಾಟು ಎಷ್ಟು.

ಎರಡು, ಶಿಲ್ಕು. ಇವತ್ತಿನ ಶಿಲ್ಕು ಒಂದೇ ಸಾಲದು. ಪ್ರತಿ ಹಣಕಾಸು ವರ್ಷದ ಕೊನೆಗೆ, ಅಂದರೆ ಪ್ರತಿ ಮಾರ್ಚ್ 31ಕ್ಕೆ, ಅಢಾವೆ ಪತ್ರಿಕೆ ತೆಗೆದು ಎಚ್‌ಟಿಎಂಎಲ್ ಆಗಿ ಉಳಿಸಿ. ಮೇಷ್ಟ್ರ ಲೆಕ್ಕದಲ್ಲಿ 2010ರಿಂದ 2023ರವರೆಗೆ ಇಂಥ 14 ಹಾಳೆ ಆಯಿತು. ಯಾಕೆ ಇಷ್ಟು? ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿ ಇವತ್ತಿನ ಶಿಲ್ಕು ಸರಿ ಕಾಣಬಹುದು. ನಡುವಿನ ವರ್ಷಗಳಲ್ಲಿ ಸಿಕ್ಕಿಬೀಳುತ್ತೆ.

ಮೂರು, ಮಾದರಿ ವಹಿವಾಟು. ಬೇಕಂತಲೇ ಕಷ್ಟದವನ್ನು ಆರಿಸಿ. ಒಂದೇ ಚೀಟಿಯಲ್ಲಿ ನಾಲ್ಕೈದು ಖಾತೆಗೆ ಹಂಚಿಹೋದದ್ದು, ಮ್ಯೂಚುವಲ್ ಫಂಡಿನ ಯೂನಿಟ್ ದಶಮಾಂಶದಲ್ಲಿರೋದು, ವಿವರಣೆ ಕನ್ನಡದಲ್ಲಿ ಬರೆದದ್ದು, ಮಾರ್ಚ್ 31 ಅಥವಾ ಏಪ್ರಿಲ್ 1ರ ತಾರೀಖಿನದ್ದು. ನಾವು ಹತ್ತು ಆರಿಸಿ ಫೋನಿನಲ್ಲಿ ಫೋಟೋ ತೆಗೆದುಕೊಂಡ್ವಿ. "ಅಡಿಕೆ ಸುಲಿದವರಿಗೆ ಕೂಲಿ, ಮಳೆ ಬಂತು, ಅರ್ಧ ದಿನ" ಅನ್ನೋ ವಿವರಣೆ ಹೊಸ ಆವೃತ್ತಿಯಲ್ಲೂ ಹಾಗೇ ಬಂದರೆ ಅಕ್ಷರ ಕೆಟ್ಟಿಲ್ಲ ಅಂತ ಅರ್ಥ.

ಹೆಜ್ಜೆ 3: ಒಂದು ಸಲಕ್ಕೆ ಒಂದೇ ಬದಲಾವಣೆ

ನಾವು ಮೊದಲ ದಿನ ಮಶೀನನ್ನೂ ಬದಲಿಸಿದ್ವಿ, ಆವೃತ್ತಿಯನ್ನೂ ಬದಲಿಸಿದ್ವಿ. ತಪ್ಪು ಬಂದಾಗ ಯಾವುದರಿಂದ ಅಂತ ಗೊತ್ತಾಗಲಿಲ್ಲ. ಎರಡನೇ ದಿನ ಮೊದಲು ಮಶೀನ್ ಮಾತ್ರ ಬದಲಿಸಿದ್ವಿ. ಲ್ಯಾಪ್‌ಟಾಪಿನಲ್ಲಿ ಒಂದು ವರ್ಚುಯಲ್ ಮಶೀನ್ ಮಾಡಿ, ಅದರಲ್ಲಿ ಅದೇ 2.2.9 ಹಾಕಿ, ಫೈಲ್ ತೆರೆದ್ವಿ. ಗ್ನುಕ್ಯಾಶ್‌ನ ಹಳೇ ಆವೃತ್ತಿಗಳು ಸೋರ್ಸ್‌ಫೋರ್ಜ್‌ನಲ್ಲಿ ಸಿಗುತ್ತವೆ. ವಿಂಡೋಸ್‌ಗೆ ಗ್ನುಕ್ಯಾಶ್ ಬಂದದ್ದೇ 2007ರ 2.2 ಸರಣಿಯಿಂದ.

ಸಿನ್ಸ್ ಲಾಸ್ಟ್ ರನ್ ಕಿಟಕಿ ಬಂತು. ಈ ಸಲ ಕ್ಯಾನ್ಸಲ್! ಎಣಿಕೆ 6,412. ಬ್ಯಾಂಕ್ ಶಿಲ್ಕು 61,450. ಖುಷಿಯಾಯಿತು. ಆಮೇಲೆ ಮಾರ್ಚ್ 31ರ ಹಾಳೆಗಳನ್ನು ಹೋಲಿಸಿದ್ವಿ. 2012ರದ್ದು ಸರಿಯಿಲ್ಲ. 2015ರದ್ದೂ ಇಲ್ಲ. ಸಾಫ್ಟ್‌ವೇರ್ ಅದೇ, ಫೈಲ್ ಅದೇ, ಉತ್ತರ ಮಾತ್ರ ಬೇರೆ.

ಕಾರಣ ಸಿಗೋಕೆ ಎರಡು ಗಂಟೆ, ಮೂರು ಲೋಟ ಕಾಫಿ ಆಯಿತು. ಹಳೇ ಆವೃತ್ತಿಗಳು ವಹಿವಾಟಿನ ತಾರೀಖನ್ನು ಆ ಊರಿನ ಮಧ್ಯರಾತ್ರಿಯ ಸಮಯವಾಗಿ ಬರೆದಿಡ್ತಿದ್ದವು. ಭಾರತದಲ್ಲಿ ಏಪ್ರಿಲ್ 1ರ ರಾತ್ರಿ 12 ಗಂಟೆ ಅಂದರೆ ಯುಟಿಸಿಯಲ್ಲಿ ಮಾರ್ಚ್ 31ರ ಸಂಜೆ 6:30. ನಮ್ಮ ವರ್ಚುಯಲ್ ಮಶೀನಿನ ಟೈಮ್ ಝೋನ್ ಅಮೆರಿಕದ ಪಶ್ಚಿಮ ಕರಾವಳಿಯದ್ದೇ ಉಳಿದಿತ್ತು, ಅಲ್ಲಿ ಅದು ಮಾರ್ಚ್ 31ರ ಬೆಳಿಗ್ಗೆ 11:30. ಎಲ್ಲ ವಹಿವಾಟೂ ಒಂದು ದಿನ ಹಿಂದೆ ಸರಿದಿತ್ತು. ಏಪ್ರಿಲ್ 1ಕ್ಕೆ ಗೊಬ್ಬರ ತಂದ ವರ್ಷಗಳಲ್ಲಿ ಆ ಖರ್ಚು ಹಿಂದಿನ ಹಣಕಾಸು ವರ್ಷಕ್ಕೆ ಜಾರಿತ್ತು. ಎಣಿಕೆ ಸರಿ, ಇವತ್ತಿನ ಶಿಲ್ಕು ಸರಿ, ತಾಳೆ ಸರಿ, ತಾರೀಖು ಮಾತ್ರ ತಪ್ಪು.

ಹೊಸ ಆವೃತ್ತಿಗಳಲ್ಲಿ ಇದಕ್ಕೆ ಒಳ್ಳೆ ಪರಿಹಾರ ಇದೆ. ತಾರೀಖನ್ನು ಯುಟಿಸಿ 10:59ರ ಸಮಯವಾಗಿ ಬರೆಯುತ್ತವೆ. ನಮಗೆ ಅದು ಸಂಜೆ 4:29, ಅಮೆರಿಕದಲ್ಲಿ ನಸುಕು, ಎರಡೂ ಕಡೆ ಅದೇ ತಾರೀಖು. ಆದರೆ ಹಳೇದರಿಂದ ಹೊಸದಕ್ಕೆ ದಾಟೋವರೆಗೆ ಹುಷಾರಾಗಿರಬೇಕು. ಕಂಪ್ಯೂಟರಿನ ಟೈಮ್ ಝೋನ್ ಭಾರತದ್ದು ಅಂತ ನೋಡಿಕೊಂಡೇ ಫೈಲ್ ತೆರೆಯಿರಿ. ನಾವು ಆ ಕಾಪಿ ಬಿಸಾಕಿ, ಟೈಮ್ ಝೋನ್ ಸರಿಮಾಡಿ, ಹೊಸ ಕಾಪಿಯಿಂದ ಮತ್ತೆ ಶುರು ಮಾಡಿದ್ವಿ. 14 ಹಾಳೆಯೂ ಸರಿಹೋಯಿತು.

ಹೆಜ್ಜೆ 4: ಮೆಟ್ಟಿಲು ಹತ್ತಿ, ಜಿಗಿಯಬೇಡಿ

2.2ರಿಂದ 5ಕ್ಕೆ ನೇರ ಹಾರಿದರೆ ಫೈಲ್ ತೆರೆಯಬಹುದು. ನಮ್ಮದೂ ತೆರೆದಿತ್ತು. ಆದರೆ ಪ್ರತಿ ದೊಡ್ಡ ಸರಣಿಯಲ್ಲೂ ಹಿಂದಿನ ಸರಣಿಯ ದತ್ತಾಂಶವನ್ನು ಹೊಸ ರೂಪಕ್ಕೆ ತರೋ ಕೆಲವು ಪರಿವರ್ತನೆಗಳು ಇರುತ್ತವೆ. ಹತ್ತಿರದ ಮೆಟ್ಟಿಲಿನಿಂದ ಹತ್ತಿದರೆ ಹೆಚ್ಚು ಜನ ನಡೆದು ಸವೆಸಿದ ದಾರಿ. ಅದಕ್ಕೇ ಪ್ರತಿ ಸರಣಿಯ ಕೊನೆಯ ಆವೃತ್ತಿಯನ್ನು ಹಿಡಿದು ಹೋಗೋದು ಒಳ್ಳೇದು: 2.2.9, ಆಮೇಲೆ 2.4.15, 2.6.21, 3.11, 4.14, ಕೊನೆಗೆ 5. ಹಳೇ ಕಾಲದ 2.3, 2.5 ಥರದ ಬೆಸ ಸಂಖ್ಯೆಯ ಸರಣಿಗಳು ಪರೀಕ್ಷೆಗೆ ಬಿಟ್ಟವು, ಅವನ್ನು ಮುಟ್ಟಬೇಡಿ.

ಪ್ರತಿ ಮೆಟ್ಟಿಲಿನಲ್ಲಿ ಮಾಡೋದು ಇಷ್ಟೇ:

1. ಹಿಂದಿನ ಮೆಟ್ಟಿಲಿನ ಫೈಲನ್ನು ಹೊಸ ಹೆಸರಿನಲ್ಲಿ ಕಾಪಿ ಮಾಡಿ. ಹೆಸರಿನಲ್ಲಿ ಆವೃತ್ತಿ ಇರಲಿ.
2. ತೆರೆಯಿರಿ. ಸಿನ್ಸ್ ಲಾಸ್ಟ್ ರನ್ ಬಂದರೆ ಕ್ಯಾನ್ಸಲ್.
3. ಆಕ್ಷನ್ಸ್ ಮೆನುವಿನ ಚೆಕ್ ಅಂಡ್ ರಿಪೇರ್ ಒಳಗೆ ಎಲ್ಲ ಖಾತೆಗಳಿಗೂ ಅನ್ವಯಿಸೋ ಆಯ್ಕೆ ಒತ್ತಿ.
4. ಸೇವ್ ಮಾಡಿ, ಮುಚ್ಚಿ.
5. ಎಣಿಕೆ, ಶಿಲ್ಕು, ಮಾದರಿ ವಹಿವಾಟು ಹೋಲಿಸಿ. ಮೂರೂ ಸರಿಯಾದರೆ ಮಾತ್ರ ಮುಂದಿನ ಮೆಟ್ಟಿಲು.

ಚೆಕ್ ಅಂಡ್ ರಿಪೇರ್ ಮಾಡಿದ ಮೇಲೆ ಖಾತೆಗಳ ಪಟ್ಟಿಯಲ್ಲಿ ಇಂಬ್ಯಾಲೆನ್ಸ್-ಐಎನ್‌ಆರ್ ಅಥವಾ ಆರ್ಫನ್-ಐಎನ್‌ಆರ್ ಅನ್ನೋ ಹೊಸ ಖಾತೆ ಕಾಣಿಸಬಹುದು. ಒಂದು ಕಾಲು ಇಲ್ಲದ ವಹಿವಾಟಿಗೆ ಗ್ನುಕ್ಯಾಶ್ ಕಟ್ಟಿಕೊಡೋ ಊರುಗೋಲು ಅದು. ಅಂದರೆ ತಪ್ಪು ಮೊದಲಿಂದಲೂ ಇತ್ತು, ಈಗ ಕಾಣಿಸ್ತಿದೆ. ಅಳಿಸಬೇಡಿ, ಒಳಗೆ ಹೋಗಿ ಯಾವ ವಹಿವಾಟು ಅಂತ ನೋಡಿ. ಮೇಷ್ಟ್ರ ಲೆಕ್ಕದಲ್ಲಿ ಕೊನೇವರೆಗೂ 87 ಖಾತೆಯೇ ಇತ್ತು. ಅದನ್ನು ಹೇಳಿದಾಗ ಅವರು ಏನೂ ಮಾತಾಡಲಿಲ್ಲ, ಆದರೆ ಮುಖದಲ್ಲಿ ಸಣ್ಣ ಹೆಮ್ಮೆ ಇತ್ತು.

ಈ ಕೆಲಸ ನಡೀವಾಗ ಹೊಸ ನಮೂದು ಒಂದನ್ನೂ ಹಾಕಬೇಡಿ. ಮೇಷ್ಟ್ರ ನೋಟ್‌ಬುಕ್ಕಿನ 14 ತಿಂಗಳ ಲೆಕ್ಕ ಪಕ್ಕದಲ್ಲೇ ಇತ್ತು, ಜೊತೆಜೊತೆಗೇ ಹಾಕಿಬಿಡೋಣ ಅನ್ನಿಸಿತ್ತು. ಹಾಕಿದ್ದರೆ ಹೋಲಿಸೋ ಅಳತೆಗೋಲೇ ಕೈಬಿಟ್ಟು ಹೋಗ್ತಿತ್ತು.

ಹಾಗೇ ಫೈಲಿನ ರೂಪವನ್ನೂ ಈಗಲೇ ಬದಲಿಸಬೇಡಿ. 2.4ರಿಂದ ಗ್ನುಕ್ಯಾಶ್ ಎಸ್‌ಕ್ಯುಲೈಟ್‌ನಂಥ ಡೇಟಾಬೇಸ್‌ಗಳಲ್ಲೂ ಲೆಕ್ಕ ಇಡಬಲ್ಲದು. ಆದರೆ ಅಲ್ಲಿ ನೀವು ಮಾಡಿದ ಬದಲಾವಣೆ ಆ ಕ್ಷಣವೇ ಉಳಿದುಬಿಡುತ್ತೆ, "ಸೇವ್ ಮಾಡದೇ ಮುಚ್ಚು" ಅನ್ನೋ ದಾರಿ ಇಲ್ಲ. ಅಪ್‌ಗ್ರೇಡ್ ಮಾಡುವಾಗ ಆ ದಾರಿ ಬೇಕು. ಎಕ್ಸ್‌ಎಂಎಲ್‌ನಲ್ಲೇ ದಾಟಿ.

ಹೆಜ್ಜೆ 5: ಹಿಂದಿರುಗೋ ಬಾಗಿಲು

ಹೊಸ ಆವೃತ್ತಿಯಲ್ಲಿ ಸೇವ್ ಮಾಡಿದ ಫೈಲನ್ನು ಹಳೇ ಆವೃತ್ತಿ ಓದೇ ಓದುತ್ತೆ ಅಂತ ನಂಬಬೇಡಿ. ಈಗಿನ ಗ್ನುಕ್ಯಾಶ್ ಫೈಲಿನೊಳಗೆ, ತಾನು ಬಳಸಿದ ಹೊಸ ಸೌಲಭ್ಯಗಳ ಪಟ್ಟಿ ಬರೆದಿಡುತ್ತೆ. ಪಟ್ಟಿಯಲ್ಲಿ ತನಗೆ ಗೊತ್ತಿಲ್ಲದ್ದು ಕಂಡರೆ ಸ್ವಲ್ಪ ಹಳೆಯ ಆವೃತ್ತಿ ತೆರೆಯೋಕೇ ಒಪ್ಪಲ್ಲ. ಸಿಟ್ಟು ಬರುತ್ತೆ, ಆದರೆ ತಪ್ಪಾಗಿ ಓದಿ ತಪ್ಪಾಗಿ ಬರೆಯೋದಕ್ಕಿಂತ ಇದು ಒಳ್ಳೇದು. ಹಾಗಾಗಿ ಹಿಂದಕ್ಕೆ ಹೋಗೋ ದಾರಿ ಅಂದರೆ ನಿಮ್ಮ ಹಳೇ ಕಾಪಿ ಒಂದೇ.

ಪ್ರತಿ ಮೆಟ್ಟಿಲಿನ ಫೈಲ್, ಹಳೇ ಆವೃತ್ತಿಯ ಇನ್‌ಸ್ಟಾಲರ್, 14 ಹಾಳೆ ಎಚ್‌ಟಿಎಂಎಲ್, ಎಲ್ಲ ವಹಿವಾಟಿನ ಸಿಎಸ್‌ವಿ, ಇಷ್ಟನ್ನು ಒಂದು ಫೋಲ್ಡರಿನಲ್ಲಿಟ್ಟು ರೀಡ್-ಓನ್ಲಿ ಮಾಡಿದ್ವಿ. ಸಿಎಸ್‌ವಿ ಯಾಕೆ ಅಂದರೆ ನಾಳೆ ಗ್ನುಕ್ಯಾಶೇ ಇಲ್ಲದಿದ್ದರೂ ಅದನ್ನು ಓದಬಹುದು. ಇದು ಸುಮ್ಮನೆ ಹೆದರಿಸೋ ಮಾತಲ್ಲ. ಒಂದು ಕಾಲಕ್ಕೆ ಮನೆಮನೆಯಲ್ಲಿ ಬಳಸ್ತಿದ್ದ ಮೈಕ್ರೋಸಾಫ್ಟ್ ಮನಿಯ ಮಾರಾಟ 2009ರ ಜೂನ್‌ನಲ್ಲಿ ನಿಂತಿತು. ಅದರಲ್ಲಿ ಲೆಕ್ಕ ಬರೆದಿಟ್ಟಿದ್ದವರು ಬೇರೆ ದಾರಿ ಯೋಚಿಸಬೇಕಾಯಿತು. ನಿಮ್ಮ ಮನೆಯ ಸಾಫ್ಟ್‌ವೇರ್ ಯಾವುದೇ ಇರಲಿ, ಮೇಲಿನ ಮೂರು ಪ್ರಶ್ನೆ ಬದಲಾಗಲ್ಲ: ಎಣಿಕೆ ಅಷ್ಟೇ ಇದೆಯಾ, ಪ್ರತಿ ವರ್ಷದ ಕೊನೆಯ ಶಿಲ್ಕು ಅದೇನಾ, ಕಷ್ಟದ ಹತ್ತು ವಹಿವಾಟು ಹಾಗೇ ಇವೆಯಾ.

ಇನ್ನೊಂದು ಮಾತು, ಇದು ತಂತ್ರಜ್ಞಾನದ್ದಲ್ಲ. ಗ್ನುಕ್ಯಾಶ್ ತನ್ನ ಫೈಲಿಗೆ ಪಾಸ್‌ವರ್ಡ್ ಹಾಕಲ್ಲ, ಗೂಢಲಿಪಿ ಮಾಡಲ್ಲ. ಪೆನ್‌ಡ್ರೈವ್ ಸಿಕ್ಕವರು ಯಾರು ಬೇಕಾದರೂ ಓದಬಹುದು. ಬೇರೆಯವರ ಮನೆಯ ಲೆಕ್ಕ ನಿಮ್ಮ ಕೈಗೆ ಬಂದಿದೆ ಅಂದರೆ ಅವರ ಸಾಲ, ಆಸ್ಪತ್ರೆ ಖರ್ಚು, ಯಾರಿಗೋ ಗುಟ್ಟಾಗಿ ಮಾಡಿದ ಸಹಾಯ ಎಲ್ಲ ಕೈಗೆ ಬಂದಿದೆ ಅಂತ. ಬೇಕಾದಷ್ಟೇ ನೋಡಿ, ನೋಡಿದ್ದನ್ನು ಹಾಸ್ಟೆಲ್ಲಿಗೆ ತರಬೇಡಿ. ನಾವು ಹೊರಡೋ ಮುಂಚೆ ನಮ್ಮ ಪೆನ್‌ಡ್ರೈವ್ ಮತ್ತು ಲ್ಯಾಪ್‌ಟಾಪ್‌ಗಳಲ್ಲಿದ್ದ ಕಾಪಿಗಳನ್ನೆಲ್ಲ ಮೇಷ್ಟ್ರ ಮುಂದೆಯೇ ಅಳಿಸಿದ್ವಿ. ಈ ಲೇಖನ ಬರೆಯೋ ಮುಂಚೆಯೂ ಅವರನ್ನು ಕೇಳಿಯೇ ಬರೆದಿದ್ದೇವೆ.

ಮುಗಿಸೋ ಮುಂಚೆ

ಎರಡನೇ ದಿನ ರಾತ್ರಿ ಎಂಟಕ್ಕೆ ಕೊನೆಯ ಮೆಟ್ಟಿಲು ಹತ್ತಿದ್ವಿ. 87 ಖಾತೆ, 6,412 ವಹಿವಾಟು, 14 ಹಾಳೆಯೂ ಪೈಸೆ ಸಮೇತ ಸರಿ. ಮುಗಿದುಹೋದ ಆರ್‌ಡಿಯ ನಿಗದಿತ ನಮೂದನ್ನು ಮೇಷ್ಟ್ರೇ ಅಳಿಸಿದರು. ಆಮೇಲೆ ಮೊದಲು ತೆರೆದದ್ದು ತಮ್ಮನ ಕೈಸಾಲದ ಖಾತೆ. ಮೇಲಿಂದ ಕೆಳಗೆ ನಿಧಾನಕ್ಕೆ ಓದಿದರು. 2009ರಿಂದ ಪ್ರತಿ ಸಾಲನ್ನೂ. ನಾವು ಸುಮ್ಮನೆ ನಿಂತಿದ್ವಿ. ಕೊನೆಯ ಸಾಲಿಗೆ ಬಂದು ಕನ್ನಡಕ ತೆಗೆದು "ಈಗ ಇದು ನನ್ನ ಲೆಕ್ಕ" ಅಂದರು.

ಗ್ನುಕ್ಯಾಶ್‌ಗೆ ಕನ್ನಡ ಅನುವಾದವೂ ಇದೆ, ಮೆನು ಕನ್ನಡಕ್ಕೆ ಬದಲಿಸಿ ಕೊಡೋಣ ಅಂದ್ವಿ. "ಈಗ ಬೇಡ, ಒಂದು ಸಲಕ್ಕೆ ಒಂದೇ ಬದಲಾವಣೆ ಅಂತ ನೀವೇ ಹೇಳಿದ್ರಲ್ಲ" ಅಂತ ನಕ್ಕರು.

ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕೋದಾ ಅಂತ ಗೆಳೆಯ ಕೇಳಿದ. ಮೇಷ್ಟ್ರು ತಲೆ ಅಲ್ಲಾಡಿಸಿದರು. "ಅಲ್ಲೇ ಇರಲಿ. ನೋಟ್‌ಬುಕ್ಕಿನದನ್ನ ಇದಕ್ಕೆ ಹಾಕ್ತೇನೆ. ಈ ಸಲದ ಕೊಯ್ಲು ಮುಗಿದು, ಮಂಡಿ ಲೆಕ್ಕ ಬಂದು, ತಮ್ಮನ ಜೊತೆ ಕೂತು ತಾಳೆ ನೋಡಿದ ಮೇಲೆ ಹಾಕುವ."

ನಾವು ಆ ಎರಡು ದಿನದಲ್ಲಿ ಕಲಿತ ಹೆಜ್ಜೆಗಳಿಗೆ ಇದನ್ನೂ ಸೇರಿಸಿಕೊಳ್ಳಿ. ಹೊಸದು ಒಂದು ಕೊಯ್ಲು ದಾಟೋವರೆಗೆ ಹಳೇದು ಅಲ್ಲೇ ಇರಲಿ.